ಹುರುಳಿ ಹಿಡಿದ ರಕ್ತ

ತುಮಕೂರಿನಿಂದ ಬಂದು ಪುಣೆಯ ರಕ್ತನಿಧಿಗಳಲ್ಲಿ ಟೆಕ್ನೀಶಿಯನ್ ಆಗಿ ದುಡಿದವನು ನಾನು. ನಮ್ಮ ಕಡೆ ಹುರುಳಿ ಬೇಯಿಸಿದರೆ ಕಾಳು ಎತ್ತಿಗೆ, ಕಟ್ಟು ಸಾರಿಗೆ. ಆ ಕಾಳಿಗೆ ರಕ್ತದ ಗುರುತು ಹತ್ತುತ್ತದೆಂದು ಕಂಡುಹಿಡಿದವರು ಇದೇ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿದ್ದ ಜಿ.ಡಬ್ಲ್ಯು.ಜಿ. ಬರ್ಡ್. 1951ರಲ್ಲಿ ಅವರ ಟಿಪ್ಪಣಿ ಬಂದದ್ದು ನಮ್ಮ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ, ಮರುವರ್ಷ ‘ನೇಚರ್’ನಲ್ಲಿ.

ಕೆಂಪು ರಕ್ತಕಣದ ಮೈಮೇಲೆಲ್ಲ ಸಕ್ಕರೆಯ ಸರಪಳಿಗಳು. ತುದಿಯಲ್ಲಿ ಎನ್-ಅಸಿಟೈಲ್ ಗ್ಯಾಲಕ್ಟೋಸಮೈನ್ ಇದ್ದರೆ ಎ ಗುಂಪು, ಗ್ಯಾಲಕ್ಟೋಸ್ ಇದ್ದರೆ ಬಿ. ಹುರುಳಿಯ ಲೆಕ್ಟಿನ್ ಎಂಬ ಪ್ರೋಟೀನು ಹಿಡಿಯುವುದು ಮೊದಲನೆಯದನ್ನು. ಎ ಗುಂಪಿನ ಉಪಗುಂಪುಗಳಲ್ಲಿ ಎ1 ಕಣದ ಮೇಲೆ ಆ ಸಕ್ಕರೆ ದಟ್ಟ, ಎ2 ಮೇಲೆ ವಿರಳ. ಹದವಾಗಿ ತೆಳುಮಾಡಿದ ಹುರುಳಿ ಸತ್ವದ ಒಂದು ಹನಿಯನ್ನು ಗಾಜಿನ ಸ್ಲೈಡಿನ ಮೇಲೆ ರಕ್ತಕ್ಕೆ ಬೆರೆಸಿ ಮೆಲ್ಲಗೆ ಓಲಾಡಿಸಿದರೆ, ಎ1 ತರಿತರಿಯಾಗಿ ಗಂಟುಕಟ್ಟುತ್ತದೆ. ಎ2 ನಯವಾಗಿ ಹರಡಿಕೊಂಡೇ ಇರುತ್ತದೆ. ಸತ್ವ ಗಟ್ಟಿಯಾದರೆ ಎರಡೂ ಗಂಟು. ಹೊಸಬರು ಎಡವುವುದೇ ಇಲ್ಲಿ.

ಪ್ರೋಟೀನು ಸಕ್ಕರೆಯನ್ನು ಗುರುತಿಸಿ ಹಿಡಿಯುವ ಇದೇ ವ್ಯವಹಾರ ಮೈಯೊಳಗೂ ಉಂಟು: ಉರಿಯೂತವೆದ್ದ ಕಡೆ ರಕ್ತನಾಳದ ಗೋಡೆ ಬಿಳಿ ಕಣಗಳನ್ನು ಅವುಗಳ ಸಕ್ಕರೆಯಿಂದಲೇ ಗುರುತಿಸಿ ತಡೆಯುತ್ತದೆ.

ಬರ್ಡ್ ಮುಂದೆ ಇಂಗ್ಲೆಂಡಿಗೆ ಹೋದರು. ರಕ್ತನಿಧಿಗಳು ಎ1 ಗುರುತಿಸಲು ಕೊಳ್ಳುವ ಲೆಕ್ಟಿನ್ ಸೀಸೆಗಳಲ್ಲಿ ಇಂದಿಗೂ ಇರುವುದು ಹುರುಳಿಯ ಸತ್ವವೇ.