ಹೊಳೆಯ ಪ್ಲಾಸ್ಟಿಕ್ಕಿಗೆ ಲೆಕ್ಕ ಹಿಡಿದ ಬಗೆ

ಹುಣಸೂರಿನಲ್ಲಿ ಲಕ್ಷ್ಮಣತೀರ್ಥಕ್ಕೆ ಬಿದ್ದ ಕಸ ಕೆಆರ್‌ಎಸ್ ಹಿನ್ನೀರಿನತ್ತ ಸಾಗುತ್ತದೆ. ಎಚ್.ಡಿ. ಕೋಟೆ, ಹ್ಯಾಂಡ್‌ಪೋಸ್ಟ್ ಕಡೆಯ ಹಳ್ಳಗಳದ್ದು ಕಬಿನಿಯ ದಾರಿ ಹಿಡಿಯುತ್ತದೆ. ಅದರಲ್ಲಿ ಎಷ್ಟು ಪ್ಲಾಸ್ಟಿಕ್ ಪೂಂಪುಹಾರ್ ದಾಟಿ ಬಂಗಾಳಕೊಲ್ಲಿಗೆ ಸೇರುತ್ತದೆ? ಜಗತ್ತಿನ ನದಿಗಳ ಬಗ್ಗೆ ಇಂಥ ಪ್ರಶ್ನೆಗೆ ಕಳೆದ ಒಂದು ದಶಕದಲ್ಲಿ ಸಿಕ್ಕ ಉತ್ತರಗಳು ಮತ್ತೆ ಮತ್ತೆ ಬದಲಾಗಿವೆ.

ಮೊದಲು ನೀರಿಗಿಳಿದದ್ದು ಬಲೆ. 2014ರಲ್ಲಿ ಆಸ್ಟ್ರಿಯಾದ ಸಂಶೋಧಕರು ಡ್ಯಾನ್ಯೂಬ್ ನದಿಯಲ್ಲಿ ಮೀನುಮರಿಗಳಿಗಿಂತ ಪ್ಲಾಸ್ಟಿಕ್ ಚೂರುಗಳೇ ಹೆಚ್ಚು ಎಂದು ವರದಿ ಮಾಡಿದರು. ಮರುವರ್ಷ ಜೆನ್ನಾ ಜಾಂಬೆಕ್ ತಂಡ 192 ಕರಾವಳಿ ದೇಶಗಳ ಕಸದ ಲೆಕ್ಕ ಹಾಕಿ, 2010ರಲ್ಲಿ 48ರಿಂದ 127 ಲಕ್ಷ ಟನ್ ಪ್ಲಾಸ್ಟಿಕ್ ಕಡಲಿಗೆ ಹೋಗಿದೆ ಎಂದಿತು. ಆದರೆ ಅದು ತೀರದಿಂದ 50 ಕಿ.ಮೀ. ಒಳಗಿನ ಜನವಸತಿಯ ಲೆಕ್ಕ. ಒಳನಾಡಿನ ಮೈಸೂರು ಜಿಲ್ಲೆ ಅದರೊಳಗೆ ಬರಲಿಲ್ಲ.

2017ರಲ್ಲಿ ನದಿಗಳ ಸರದಿ ಬಂತು. ಲೆಬ್ರೆಟನ್ ತಂಡದ ಅಂದಾಜು ವರ್ಷಕ್ಕೆ 11.5ರಿಂದ 24.1 ಲಕ್ಷ ಟನ್. ಗಂಗೆಗೆ ಅದರಲ್ಲಿ ಎರಡನೆಯ ಸ್ಥಾನ. ಅದೇ ವರ್ಷ ಜರ್ಮನಿಯ ಒಂದು ತಂಡ ನದಿಗಳಿಂದ ಬರುವ ಹೊರೆಯ ಬಹುಪಾಲು ಹತ್ತೇ ನದಿಗಳದ್ದು ಎಂದಿತು. ಈ ಮಾತು ಜಗತ್ತಿನೆಲ್ಲೆಡೆ ಹರಡಿತು. 2021ರಲ್ಲಿ ಮೈಯರ್ ತಂಡ ಮಳೆ, ಗಾಳಿ, ಇಳಿಜಾರು, ಕಡಲಿನ ದೂರ ಎಲ್ಲವನ್ನೂ ಸೇರಿಸಿ ನೋಡಿದಾಗ ಚಿತ್ರವೇ ಬೇರೆಯಾಯಿತು: ಶೇ 80ರಷ್ಟು ಪ್ಲಾಸ್ಟಿಕ್‌ಗೆ ಸಾವಿರಕ್ಕೂ ಹೆಚ್ಚು ನದಿಗಳು ಕಾರಣ, ಊರುಗಳ ನಡುವೆ ಹರಿದು ಬೇಗ ಕಡಲು ಸೇರುವ ಚಿಕ್ಕ ಹೊಳೆಗಳ ಪಾಲು ದೊಡ್ಡದು. ಅದೇ ವರ್ಷ ವೈಸ್ ತಂಡ, ಸೂಕ್ಷ್ಮ ಪ್ಲಾಸ್ಟಿಕ್‌ನ ಹಳೆಯ ಅಂದಾಜುಗಳು ನೂರರಿಂದ ಸಾವಿರ ಪಟ್ಟು ಹಿಗ್ಗಿವೆ ಎಂದು ತೋರಿಸಿತು. 2023ರಲ್ಲಿ ಕಾಂಡಾರ್ಪ್ ತಂಡ ನದಿ, ತೀರ, ಮೀನುಗಾರಿಕೆ ಎಲ್ಲ ಸೇರಿಯೂ ವರ್ಷಕ್ಕೆ ಸುಮಾರು 5 ಲಕ್ಷ ಟನ್ ಎಂದಿತು.

ಹಾಗಾದರೆ ಉಳಿದದ್ದು ಎಲ್ಲಿದೆ? ಸೇತುವೆ ಮೇಲೆ ನಿಂತು ತೇಲುವ ಕಸ ಎಣಿಸುವ ವಿಧಾನವನ್ನು ವಿಯೆಟ್ನಾಮಿನ ಸೈಗಾನ್ ಮೊದಲಾದ ನದಿಗಳಲ್ಲಿ ಬಳಸಿದ ವಾನ್ ಎಮ್ಮೆರಿಕ್ ಮತ್ತು ಸಂಗಡಿಗರು 2022ರಲ್ಲಿ ಉತ್ತರ ಕೊಟ್ಟರು: ನದಿಗಳು ಪ್ಲಾಸ್ಟಿಕ್ಕನ್ನು ಸಾಗಿಸುವುದಕ್ಕಿಂತ ಹೆಚ್ಚಾಗಿ ತಮ್ಮೊಳಗೇ ಹಿಡಿದಿಟ್ಟುಕೊಳ್ಳುತ್ತವೆ.

ಬೇಗ ಕಡಲು ಸೇರುವ ನದಿ, ದಾರಿಯಲ್ಲೇ ತಡೆಯುಳ್ಳ ನದಿ, ಕರ್ನಾಟಕದಲ್ಲಿ ಎರಡೂ ಬಗೆಯವಿವೆ. ಘಟ್ಟದಿಂದಿಳಿದು ಮಂಗಳೂರಿನಲ್ಲಿ ಕಡಲು ಸೇರುವ ನೇತ್ರಾವತಿಯನ್ನು ಮಣಿಪಾಲದ ಸಂಶೋಧಕರು ಪರೀಕ್ಷಿಸಿ, ಒಂದು ಘನ ಮೀಟರ್ ನೀರಿನಲ್ಲಿ ಸರಾಸರಿ 288 ಚೂರುಗಳಿವೆ ಎಂದು 2020ರಲ್ಲಿ ಪ್ರಕಟಿಸಿದರು. ಕಾವೇರಿಯ ದಾರಿಯಲ್ಲಾದರೋ ಕೆಆರ್‌ಎಸ್, ಮೆಟ್ಟೂರು ಅಣೆಕಟ್ಟುಗಳು ಅಡ್ಡ ನಿಂತಿವೆ. 2021ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಉಪೇಂದ್ರ ನಾಂಗ್‌ಥೊಂಬಾ ತಂಡ ಕೆಆರ್‌ಎಸ್ ಬಳಿಯ ನೀರಿನಲ್ಲಿ ಸೂಕ್ಷ್ಮ ಪ್ಲಾಸ್ಟಿಕ್ ಗುರುತಿಸಿತು. ಆ ನೀರಿನಲ್ಲಿ ಬೆಳೆಸಿದ ಜೀಬ್ರಾ ಮೀನಿನ ಭ್ರೂಣಗಳಲ್ಲಿ ಮೂಳೆಯ ವಿಕಾರ, ಡಿಎನ್‌ಎ ಹಾನಿ ಕಂಡವು.

ಕಡಲಿಗೆ ಎಷ್ಟು ಸೇರಿತು ಎಂಬ ಅಂಕಿ ಇಳಿದರೆ ನಮಗೆ ನೆಮ್ಮದಿಯಿಲ್ಲ. ಕಡಲು ಮುಟ್ಟದ ಪ್ಲಾಸ್ಟಿಕ್ ನಮ್ಮ ಹಿನ್ನೀರು, ನಾಲೆ, ಗದ್ದೆಗಳಲ್ಲೇ ಉಳಿಯಬಹುದು. ರಾಜ್ಯದಲ್ಲಿ 2016ರಿಂದ, ದೇಶದಲ್ಲಿ 2022ರ ಜುಲೈ 1ರಿಂದ ಕೆಲವು ಬಗೆಯ ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧವಿದೆ. ಅದರ ಫಲ ತಿಳಿಯಲು ಹೊಳೆಯಲ್ಲೇ ಅಳೆಯಬೇಕು. ಸೇತುವೆ ಎಣಿಕೆಗೆ ಬೇಕಾದ್ದು ಗಡಿಯಾರ, ಪುಸ್ತಕ, ಶಿಸ್ತು. ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಕಾಲೇಜುಗಳು ಬೇಸಿಗೆಯಲ್ಲೂ ಮಳೆಗಾಲದಲ್ಲೂ ತಪ್ಪದೆ ಎಣಿಸಿ, ಲೆಕ್ಕವನ್ನು ಪಂಚಾಯಿತಿ, ಪುರಸಭೆ, ನಗರಸಭೆಗಳ ಮುಂದಿಡಲಿ.