ತಿಪ್ಪೆಯಿಂದ ಪಬ್ಬಿಗೆ

2012ರ ಅಕ್ಟೋಬರ್. ಪ್ರಾಜೆಕ್ಟ್ ಕೆಲಸದ ಮೇಲೆ ಮೂರು ತಿಂಗಳು ಲಂಡನ್ನಿನಲ್ಲಿದ್ದೆ. ಒಂದು ಶನಿವಾರ ಸಹೋದ್ಯೋಗಿಯೊಬ್ಬರು ಇಸ್ಲಿಂಗ್ಟನ್ನಿನ 'ಡ್ಯೂಕ್ ಆಫ್ ಕೇಂಬ್ರಿಜ್' ಅನ್ನೋ ಪಬ್ಬಿಗೆ ಊಟಕ್ಕೆ ಕರೆದೊಯ್ದರು. ಹಳೇ ಮರದ ಮೇಜುಗಳು, ಒಂದಕ್ಕೊಂದು ಹೊಂದದ ಕುರ್ಚಿಗಳು, ಗೋಡೆಯ ಮೇಲೆ ಕರಿಹಲಗೆ. ಆವತ್ತು ಏನು ಬಂದಿದೆಯೋ ಅದನ್ನೇ ಸೀಮೆಸುಣ್ಣದಲ್ಲಿ ಬರೆದಿದ್ದರು. ಬೀಟ್ರೂಟ್ ಸೂಪು, ದಪ್ಪ ಬ್ರೆಡ್ಡು, ಒಂದು ಲೋಟ ಬಿಯರ್. ಎಲ್ಲಾ ಆರ್ಗ್ಯಾನಿಕ್, ಬಿಯರ್ ಕೂಡ!

ಬ್ರಿಟನ್ನಿನ ಪಬ್ಬಿನಲ್ಲಿ ಊಟಕ್ಕೆ ಬೆಲೆ ಬಂದಿದ್ದೇ ತೀರಾ ಇತ್ತೀಚೆಗೆ. ಬಹುಪಾಲು ಪಬ್ಬುಗಳು ದೊಡ್ಡ ಬ್ರೂವರಿಗಳ ಕೈಯಲ್ಲಿದ್ದವು. ಅವರ ಬಿಯರ್ ಮಾರಿದರೆ ಸಾಕು, ಊಟ ಅನ್ನೋದು ಲೆಕ್ಕಕ್ಕಿಲ್ಲ. 1989ರಲ್ಲಿ ಸರ್ಕಾರ ತಂದ ಕಾನೂನಿನಿಂದ ಈ ಕಂಪನಿಗಳು ಸಾವಿರಾರು ಪಬ್ಬುಗಳ ಮೇಲಿನ ಹಿಡಿತ ಬಿಡಬೇಕಾಯ್ತು. ಕೈಯಲ್ಲಿ ದುಡ್ಡಿಲ್ಲದ, ಅಡುಗೆ ಗೊತ್ತಿದ್ದ ಹುಡುಗರಿಗೆ ಅದೇ ದಾರಿಯಾಯ್ತು. 1991ರಲ್ಲಿ ಫಾರಿಂಗ್ಡನ್ ರಸ್ತೆಯ 'ಈಗಲ್' ಪಬ್ಬನ್ನು ಹಿಡಿದ ಮೈಕೇಲ್ ಬೆಲ್ಬೆನ್ ಮತ್ತು ಡೇವಿಡ್ ಐರ್ ಅಲ್ಲಿ ಒಳ್ಳೇ ಊಟ ಹಾಕತೊಡಗಿದರು. 'ಗ್ಯಾಸ್ಟ್ರೊಪಬ್' ಅನ್ನೋ ಹೆಸರು ಹುಟ್ಟಿದ್ದು ಅಲ್ಲಿಂದ. ನಾವು ಕೂತಿದ್ದ 'ಡ್ಯೂಕ್' ಶುರುವಾಗಿದ್ದು 1998ರಲ್ಲಿ. ಗೀತಿ ಸಿಂಗ್ ಅದನ್ನು ಬ್ರಿಟನ್ನಿನ ಮೊದಲ ಪ್ರಮಾಣೀಕೃತ ಆರ್ಗ್ಯಾನಿಕ್ ಪಬ್ ಮಾಡಿದರು. ವಿಮಾನದಲ್ಲಿ ಬಂದ ತರಕಾರಿ ಅಲ್ಲಿ ಒಳಗೆ ಬರೋ ಹಾಗಿರಲಿಲ್ಲ. ಪ್ರಮಾಣಪತ್ರ ಕೊಟ್ಟಿದ್ದು ಸಾಯಿಲ್ ಅಸೋಸಿಯೇಷನ್.

ಆ ಹೆಸರು ನೋಡಿ ರೂಮಿಗೆ ಬಂದಮೇಲೆ ಹುಡುಕುತ್ತಾ ಕೂತೆ. ಹುಡುಕುತ್ತಾ ಹುಡುಕುತ್ತಾ ಸೀದಾ ನಮ್ಮೂರ ತಿಪ್ಪೆಗೆ ಬಂದು ಬಿದ್ದೆ!

ಸಾಯಿಲ್ ಅಸೋಸಿಯೇಷನ್ ಹುಟ್ಟಿದ್ದು 1946ರಲ್ಲಿ. ಅದರ ಹಿಂದಿದ್ದಾಕೆ ಈವ್ ಬಾಲ್ಫೋರ್. ಆಕೆಯ ಮೇಲೆ ಪ್ರಭಾವ ಬೀರಿದವರಲ್ಲಿ ಮುಖ್ಯನಾದವನು ಆಲ್ಬರ್ಟ್ ಹೊವಾರ್ಡ್. 1905ರಲ್ಲಿ ಬಿಹಾರದ ಪೂಸಾಕ್ಕೆ ಸಸ್ಯಶಾಸ್ತ್ರಜ್ಞನಾಗಿ ಬಂದ ಈ ದೊರೆ, ನಮ್ಮವರಿಗೆ ಬೇಸಾಯ ಕಲಿಸೋಕೆ ಬಂದವನು. ಆದರೆ ಸುತ್ತಲಿನ ರೈತರ ಹೊಲ ನೋಡಿ ಅವರನ್ನೇ ತನ್ನ ಗುರುಗಳು ಅಂದುಕೊಂಡ. ಮುಂದೆ ಇಂದೋರಿನಲ್ಲಿ ಹೆಂಡತಿ ಗೇಬ್ರಿಯೆಲ್ ಜೊತೆ ಸೇರಿ ಗೊಬ್ಬರದ ಒಂದು ಪದ್ಧತಿ ರೂಪಿಸಿದ. ಅವಳೂ ಅವನಷ್ಟೇ ದೊಡ್ಡ ವಿಜ್ಞಾನಿ, ಹೆಸರು ಮಾತ್ರ ಅವನಿಗೆ ಬಂತು. ಆ 'ಇಂದೋರ್ ಪದ್ಧತಿ'ಯ ಪುಸ್ತಕ 1931ರಲ್ಲಿ ಬಂತು. ಅದರ ಸಹಲೇಖಕ ಯಶವಂತ ವಾಡ್ ಅನ್ನೋ ಹೆಸರು ಎಷ್ಟು ಜನ ಕೇಳಿದ್ದೀರಿ?

ಪದ್ಧತಿ ಏನು ಅಂದ್ರೆ: ಗಿಡಗಂಟೆ, ಕಸಕಡ್ಡಿ ಒಂದು ಪದರ. ಮೇಲೆ ಸಗಣಿ, ಗಂಜಲ ಹೀರಿದ ಮಣ್ಣು, ಒಲೆಬೂದಿ. ನೀರು ಚಿಮುಕಿಸಿ, ಆಗಾಗ ಮಗುಚಿ ಹಾಕಿದರೆ ಮೂರು ತಿಂಗಳಿಗೆ ಗೊಬ್ಬರ. ಓದಿ ನಗು ಬಂತು. ಇದರಲ್ಲಿ ಮಗುಚೋದೊಂದು ಬಿಟ್ಟರೆ ನಮ್ಮವ್ವ ಮಾಡದಿದ್ದದ್ದು ಯಾವುದು? ಹೊವಾರ್ಡ್ ಚೀನಾದವರಿಂದಲೂ ಕಲಿತಿದ್ದ, ಲೆಕ್ಕ ಹಾಕಿ ಅಳೆದು ನೋಡಿದ್ದ, ಅದೆಲ್ಲಾ ಒಪ್ಪೋಣ. ಆದರೂ ದೀಪಾವಳಿಯಲ್ಲಿ ತಿಪ್ಪೆಗೂ ಒಂದು ದೀಪ ಇಡುತ್ತಿದ್ದ ಹೆಂಗಸಿಗೆ ಅದು ಹೊಸ ವಿಷಯವೇನಲ್ಲ.

ಬೆಂಗಳೂರಿನ ಹೆಸರಲ್ಲೂ ಒಂದು ಪದ್ಧತಿ ಇದೆ. 1939ರಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಿ.ಎನ್. ಆಚಾರ್ಯ ರೂಪಿಸಿದ್ದು. ಊರಿನ ಕಸ ಮತ್ತು ಮಲ ಪದರ ಪದರವಾಗಿ ಗುಂಡಿಗೆ ತುಂಬಿ, ಮುಚ್ಚಿ, ಮಗುಚದೆ ತಿಂಗಳುಗಟ್ಟಲೆ ಬಿಡೋದು. ಇಂದಿರಾನಗರದಲ್ಲಿ ಬಿಯರ್ ಹಿಡಿದು ಆರ್ಗ್ಯಾನಿಕ್ ಸಲಾಡ್ ತಿನ್ನೋ ನಾವು ಈ ಭಾಗ ಓದೋದಿಲ್ಲ. ಯಾಕಂದ್ರೆ ಮುಂದಿನ ಪ್ರಶ್ನೆ: ಆ ಮಲವನ್ನು ಗುಂಡಿಯ ತನಕ ಹೊತ್ತವರು ಯಾರು? ಅದು ಯಾವ ಜಾತಿಗಳ ತಲೆಯ ಮೇಲೆ ಬಂತು ಅನ್ನೋದು ಎಲ್ಲರಿಗೂ ಗೊತ್ತು. ಮಲ ಹೊರುವುದನ್ನು ನಿಲ್ಲಿಸಲು ದೇವರಾಜ ಅರಸು ಸರ್ಕಾರದ ಮಂತ್ರಿ ಬಿ. ಬಸವಲಿಂಗಪ್ಪ 1970ರ ದಶಕದಲ್ಲಿ ಬಡಿದಾಡಬೇಕಾಯ್ತು. ಸಾವಯವದ ಚರಿತ್ರೆ ಬರೆಯೋರು ಹೊವಾರ್ಡ್‌ನಿಂದ ಶುರುಮಾಡ್ತಾರೆ. ನನಗೆ ಬಸವಲಿಂಗಪ್ಪನವರಿಲ್ಲದ ಸಾವಯವದ ಮೇಲೆ ಅನುಮಾನ.

ಇದನ್ನೆಲ್ಲಾ ಬರೆಯೋಕೆ ನನಗೇನು ಹಕ್ಕು ಅಂತಾನೂ ಅನ್ನಿಸುತ್ತೆ. 2004ರಲ್ಲಿ, ಕೆಲಸ ಸಿಕ್ಕಿದ ಮೊದಲ ವರ್ಷ, ಮದ್ದೂರಿನ ಹತ್ತಿರದ ನಮ್ಮ ಮನೆಯ ನಾಲ್ಕು ರಾಸುಗಳನ್ನು ಹಠ ಹಿಡಿದು ಮಾರಿಸಿದ್ದು ನಾನೇ. ಅವ್ವನ ಸೊಂಟ ಬಿದ್ದುಹೋಗಿತ್ತು. ಬೆಳಗಾಗೆದ್ದು ಕೊಟ್ಟಿಗೆ ಬಾಚಿ, ಮಂಕರಿ ಹೊತ್ತು ತಿಪ್ಪೆಗೆ ಹಾಕಿ ಬರುತ್ತಿದ್ದಳು, ಮೂವತ್ತು ವರ್ಷ. ಸೊಸೈಟಿಯಿಂದ ಯೂರಿಯಾ ಮೂಟೆ ತಂದರಾಯ್ತು ಅಂದೆ. ಅಪ್ಪ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಅವ್ವ ಮಾತ್ರ ಏನೂ ಅನ್ನಲಿಲ್ಲ. ಅವಳಿಗೆ ಸಮಾಧಾನವಾಯ್ತೋ ಬೇಜಾರಾಯ್ತೋ ಇವತ್ತಿಗೂ ಕೇಳಿಲ್ಲ.

ಆ ರಾತ್ರಿ ಫೋನ್ ಮಾಡಿ ಪಬ್ಬಿನ ಊಟದ ಕಥೆ ಹೇಳಿದೆ. ಬಿಲ್ಲನ್ನು ರೂಪಾಯಿಗೆ ತಿರುಗಿಸಿ ಹೇಳಿದಾಗ ಅಪ್ಪ "ಬೀಟ್ರೂಟಿಗಾ?" ಅಂದ. "ಯೂರಿಯಾ ಹಾಕಲ್ಲ ಕಣಪ್ಪ, ಬರೀ ಕೊಟ್ಟಿಗೆ ಗೊಬ್ಬರ, ಅದಕ್ಕೇ" ಅಂದೆ. ಅವನು ಏನೂ ಅನ್ನದೆ ಫೋನನ್ನು ಅವ್ವನಿಗೆ ಕೊಟ್ಟ. ಪಕ್ಕದಲ್ಲೇ ಕೂತು ಕೇಳಿಸಿಕೊಂಡಿರಬೇಕು.

"ಅಲ್ಲಿ ಕೊಟ್ಟಿಗೆ ಬಾಚೋರು ಯಾರ್ಲಾ ಮಗಾ?" ಅಂದಳು.

"ಮಷಿನ್ ಇರುತ್ತೆ ಕಣವ್ವ" ಅಂದೆ. ನಾನು ವಿಚಾರಿಸಿರಲಿಲ್ಲ.