‘ಸ್ಟೋ ಸಿಡಿದು’: ಮನೆಯೊಳಗಿನ ಅವಘಡವೂ ಸುದ್ದಿಯ ಭಾಷೆಯೂ

ಬಚ್ಚಲದಾಗ ಸಬಕಾರದ ಮೇಲೆ ಕಾಲಿಟ್ಟು ಬಿದ್ದವರು ಹಾಗೆಂದು ಯಾರಿಗೂ ಹೇಳುವುದಿಲ್ಲ. ಸಮೀರವಾಡಿಯ ಬಸ್ ಸ್ಟಾಪಿನಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು ನಿಂತ ಹಿರಿಯರನ್ನು ‘ಏನಾತ್ರೀ ಕಾಕಾ?’ ಎಂದು ಕೇಳಿ ನೋಡಿ. ‘ಏನಿಲ್ಲೋ ತಮ್ಮಾ, ಗಾಡಿ ಮ್ಯಾಲಿಂದ ಬಿದ್ದೆ’ ಎನ್ನುತ್ತಾರೆ. ಗಾಡಿಯಿಂದ ಬೀಳುವುದಕ್ಕೆ ಒಂದು ಮರ್ಯಾದೆಯಿದೆ, ಬಚ್ಚಲದಲ್ಲಿ ಬೀಳುವುದಕ್ಕಿಲ್ಲ.

ಅದೇ ಕಾಕಾ ಆ ಪೆಟ್ಟಿನಿಂದಲೇ ತೀರಿಕೊಂಡರೆ ಪತ್ರಿಕೆಯಲ್ಲಿ ‘ಆಯತಪ್ಪಿ ಬಿದ್ದು’ ಮೃತಪಟ್ಟಿರುತ್ತಾರೆ. ನಮ್ಮ ಕಡೆ ಮನೆಯಲ್ಲಿ ಯಾರಿಗೂ ಆಯ ತಪ್ಪುವುದಿಲ್ಲ, ಜೋಲಿ ತಪ್ಪುತ್ತದೆ. ಹಾಗೆಯೇ ಚರಗಿ ಹಿಡಿದು ಬೈಲಕಡೆ ಹೋದಾಗ ಹಾವು ಕಚ್ಚಿದರೆ ಅದು ‘ಬಹಿರ್ದೆಸೆಗೆ ತೆರಳಿದ್ದಾಗ’ ಆದ ಘಟನೆ. ಸತ್ತವರ ಮಾನ ಮುಚ್ಚಲು ಇದು ಒಳ್ಳೆಯ ಪದವೇ. ಆದರೆ ಮನೆಯಲ್ಲಿ ಪಾಯಖಾನೆ ಇರಲಿಲ್ಲ ಎಂಬ ಸಂಗತಿಯನ್ನೂ ಅದು ಮುಚ್ಚಿಬಿಡುತ್ತದೆ. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಶುರುವಾಗುವುದಕ್ಕೆ ಎಷ್ಟೋ ವರ್ಷ ಮೊದಲಿನಿಂದ ನಮ್ಮ ಹಳ್ಳಿಗಳ ಈ ಕೊರತೆ ಪತ್ರಿಕೆಯಲ್ಲಿ ಬರುತ್ತಲೇ ಇತ್ತು. ಹಾವಿನ ಸುದ್ದಿಯಾಗಿ ಬರುತ್ತಿತ್ತು.

ಈ ಪದಗಳನ್ನು ಪತ್ರಕರ್ತರು ಕೂತು ಕಟ್ಟಿದ್ದಲ್ಲ. ಹೆಚ್ಚಿನವು ಪೊಲೀಸ್ ಠಾಣೆಯ ಕಾಗದದಿಂದ ಬಂದವು. ಅಸಹಜ ಸಾವಾದಾಗ ಠಾಣೆಯವರು ಸ್ಥಳಕ್ಕೆ ಹೋಗಿ, ಊರಿನ ಇಬ್ಬರಾದರೂ ಪಂಚರ ಸಮಕ್ಷಮ, ಮೇಲ್ನೋಟಕ್ಕೆ ಕಾಣುವ ಕಾರಣವನ್ನು ಬರೆದುಕೊಳ್ಳಬೇಕು. 1973ರ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಂ ಹೇಳುತ್ತಿದ್ದದ್ದು ಇದನ್ನೇ. 2024ರ ಜುಲೈ 1ರಿಂದ ಆ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಬಂದಿದೆ. ತಾಲೂಕಿನ ಬಾತ್ಮಿದಾರ ಠಾಣೆಗೆ ಹೋಗಿ ಆ ಕಾಗದದ ಸಾರ ಬರೆದುಕೊಂಡು, ಲಕೋಟೆಯಲ್ಲಿ ಹಾಕಿ ಹುಬ್ಬಳ್ಳಿ ಬಸ್ಸಿಗೆ ಕೊಡುತ್ತಿದ್ದ ಕಾಲವನ್ನು ನಮ್ಮ ಹಿರಿಯರು ನೆನೆಯುತ್ತಾರೆ. ಬಸ್ ತಪ್ಪಬಾರದು, ನಾಲ್ಕು ಸಾಲು ಮೀರಬಾರದು. ‘ಮೇಲ್ನೋಟಕ್ಕೆ’ ಎಂಬ ಪದ ಆ ಅವಸರದಲ್ಲಿ ಉದುರಿಹೋಗುತ್ತಿತ್ತು. ಠಾಣೆಯ ಊಹೆ ಮರುದಿನ ಓದುಗರ ಕೈಯಲ್ಲಿ ಸತ್ಯವಾಗಿರುತ್ತಿತ್ತು.

ಹೀಗೆ ಬಂದ ಪದಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಡುಕು ಮಾಡಿದ್ದು ‘ಸ್ಟೋ ಸಿಡಿದು’.

ಪಂಪ್ ಹೊಡೆಯುವ ಸ್ಟೋ ಸ್ವೀಡನ್ ದೇಶದ್ದು. ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಎಂಬಾತ 1892ರ ಹೊತ್ತಿಗೆ ‘ಪ್ರೈಮಸ್’ ಹೆಸರಿನಲ್ಲಿ ಅದನ್ನು ತಂದ. ಹಿತ್ತಾಳೆಯ ಟಾಕಿ, ಅದರೊಳಗೆ ಗಾಳಿಯ ಒತ್ತಡ, ಮೇಲೆ ಸಣ್ಣ ತೂತು. ತೂತು ಕಟ್ಟಿಕೊಂಡರೆ ಪಿನ್ನು ಹಾಕಿ ಬಿಡಿಸಬೇಕು. ಉರಿಯುವಾಗಲೇ ಚಿಮಣಿ ಎಣ್ಣಿ ಸುರಿದರೆ, ಎಣ್ಣೆಯಲ್ಲಿ ಪೆಟ್ರೋಲ್ ಬೆರೆತಿದ್ದರೆ, ಸರಿಯಾಗಿ ಕಾಯದೆ ಪಂಪ್ ಹೊಡೆದರೆ ಉರಿ ಒಮ್ಮೆಲೇ ಮೇಲೇಳುತ್ತದೆ. ನೈಲಾನ್ ಸೀರೆಯ ಸೆರಗಿಗೆ ತಾಗಿದರೆ ಬಟ್ಟೆ ಕರಗಿ ಮೈಗೆ ಅಂಟುತ್ತದೆ. ಇಂಥ ಅಪಘಾತಗಳು ನಿಜವಾಗಿಯೂ ಆಗಿವೆ. ಆದರೆ ಅವೇ ಸ್ಟೋಗಳ ಮುಂದೆ ಅತ್ತೆಯರೂ ಕೂತು ಅಡುಗೆ ಮಾಡಿದ್ದಾರೆ, ಅವಿವಾಹಿತ ಮಗಳೂ ಮಾಡಿದ್ದಾಳೆ. ಸುದ್ದಿಯಲ್ಲಿ ಮಾತ್ರ ಸ್ಟೋ ಹೊಸ ಸೊಸೆಯರ ಕೈಯಲ್ಲೇ ಮತ್ತೆ ಮತ್ತೆ ಸಿಡಿಯುತ್ತಿತ್ತು.

ಈ ಪ್ರಶ್ನೆಯನ್ನು ಬೀದಿಗೆ ತಂದವರು ಸಂಪಾದಕರಲ್ಲ, ಹೆಂಗಸರು. ದೆಹಲಿಯ ಸತ್ಯರಾಣಿ ಛಡ್ಡಾ 1979ರಲ್ಲಿ ಸುಟ್ಟಗಾಯಗಳಿಂದ ಮಗಳನ್ನು ಕಳೆದುಕೊಂಡ ಮೇಲೆ ದಶಕಗಳ ಕಾಲ ನ್ಯಾಯಾಲಯ ಅಲೆದರು. ಅದೇ ವರ್ಷ ಬೆಂಗಳೂರಿನಲ್ಲಿ ಹುಟ್ಟಿದ ‘ವಿಮೋಚನಾ’ ಸಂಘಟನೆಯವರು ಮುಂದೆ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ, ದಾಖಲೆಯಲ್ಲಿ ‘ಆಕಸ್ಮಿಕ’ ಎಂದಿದ್ದ ಸಾವುಗಳ ಹಿಂದಿನ ಕಥೆ ಕೇಳತೊಡಗಿದರು. ಸಾಯುವ ಹೆಣ್ಣುಮಗಳೇ ಎಷ್ಟೋ ಸಲ ‘ಸ್ಟೋ ಸಿಡೀತು’ ಎಂದು ಹೇಳಿಕೆ ಕೊಟ್ಟಿರುತ್ತಿದ್ದಳು. ಮಂಚದ ಪಕ್ಕದಲ್ಲಿ ಗಂಡನ ಮನೆಯವರು ನಿಂತಿರುತ್ತಿದ್ದರು, ಮಕ್ಕಳು ಅವರ ಮನೆಯಲ್ಲೇ ಇರುತ್ತಿದ್ದವು. ಬದುಕಿದರೂ ಹೋಗಬೇಕಾದದ್ದು ಅಲ್ಲಿಗೇ.

ಆ ಒತ್ತಾಯದಿಂದ ಕಾನೂನು ಬದಲಾಯಿತು. ವರದಕ್ಷಿಣೆ ನಿಷೇಧ ಕಾಯ್ದೆ 1961ರಿಂದಲೂ ಇತ್ತು, ಸಾಕಾಗಿರಲಿಲ್ಲ. 1983ರಲ್ಲಿ ಗಂಡನ ಮನೆಯವರ ಕ್ರೌರ್ಯಕ್ಕೆ 498ಎ ಕಲಂ ಬಂತು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಸಂಶಯಾಸ್ಪದವಾಗಿ ಸತ್ತರೆ ಶವಪರೀಕ್ಷೆ ಆಗಲೇಬೇಕು ಎಂಬ ನಿಯಮವೂ ಆಗಲೇ ಬಂತು. 1986ರಲ್ಲಿ 304ಬಿ ಸೇರಿ, ‘ವರದಕ್ಷಿಣೆ ಸಾವು’ ಬೇರೆಯೇ ಒಂದು ಅಪರಾಧವಾಯಿತು. ಠಾಣೆಯ ಕಾಗದಕ್ಕೆ ಹೊಸ ಪದ ಬಂದ ಮೇಲೆಯೇ ನಮ್ಮ ಪತ್ರಿಕೆಗಳಿಗೂ ಆ ಪದ ಬಂತು.

ಇದನ್ನು ಪಾಠದಲ್ಲಿ ಓದಿ ಪಾಸಾದವರು ನಾವು. ಆದರೂ ಕಲಿತದ್ದು ತಪ್ಪು ಮಾಡಿದ ಮೇಲೆ. ಸುಮಾರು ಹದಿನೈದು ವರ್ಷದ ಹಿಂದೆ ನಮ್ಮಲ್ಲೊಬ್ಬರು ಒಂದು ಪತ್ರಿಕೆಗೆ, ಠಾಣೆಯಿಂದ ಬಂದದ್ದನ್ನೇ ನೋಡಿ ‘ಸ್ಟೋ ಸಿಡಿದು ಗೃಹಿಣಿ ಸಾವು’ ಎಂದು ಬರೆದರು. ಎರಡು ದಿನದ ನಂತರ ಸತ್ತವಳ ತಾಯಿ ನಂಬರ್ ಹುಡುಕಿ ಫೋನ್ ಮಾಡಿದರು. ಬೈಯಲಿಲ್ಲ. ‘ಯಪ್ಪಾ, ಆ ಮನ್ಯಾಗ ಸ್ಟೋನ ಇರಲಿಲ್ಲಲ್ಲೋ. ಗ್ಯಾಸ್ ನಾವ ಕೊಡ್ಸಿದ್ವಿ’ ಎಂದಷ್ಟೇ ಹೇಳಿದರು. ನಮ್ಮವರು ಆ ಮನೆಗೆ ಹೋಗಿರಲಿಲ್ಲ. ತಿದ್ದುಪಡಿ ಬರೆದುಕೊಟ್ಟರು, ಅದು ಅಚ್ಚಾಗಲಿಲ್ಲ. ಆ ಮನೆಯಲ್ಲಿ ನಿಜವಾಗಿ ಏನಾಯಿತೆಂದು ನಾವು ಇಂದಿಗೂ ಹೇಳಲಾರೆವು. ಸ್ಟೋ ಸಿಡಿಯಲಿಲ್ಲ ಎಂಬುದನ್ನು ಮಾತ್ರ ಆ ತಾಯಿಯ ಮಾತಿನ ಮೇಲೆ ಹೇಳಬಲ್ಲೆವು.

ಈಗ ಸ್ಟೋ ಅಟ್ಟ ಸೇರಿದೆ. 2016ರ ಮೇ 1ರಂದು ಶುರುವಾದ ಉಜ್ವಲಾ ಯೋಜನೆಯಿಂದ ಕಬ್ಬು ಕಡಿಯುವವರ ಮನೆಗೂ ಸಿಲಿಂಡರ್ ಬಂದಿದೆ. ಅದರ ಜೊತೆಗೆ ‘ಸಿಲಿಂಡರ್ ಸ್ಫೋಟ’ ಎಂಬ ಹೊಸ ಸಿದ್ಧಪದವೂ ಬಂದಿದೆ. ಎಷ್ಟೋ ಸಲ ಸಿಲಿಂಡರ್ ಒಡೆದಿರುವುದೇ ಇಲ್ಲ. ಪೈಪಿನಿಂದಲೋ ರೆಗ್ಯುಲೇಟರಿನಿಂದಲೋ ಸೋರಿದ ಅನಿಲಕ್ಕೆ ಕಿಡಿ ತಗುಲಿರುತ್ತದೆ. ಈ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡುತ್ತದೆ. ಅದಕ್ಕೆ ಸ್ವಂತ ವಾಸನೆಯಿಲ್ಲ, ಸೋರಿದ್ದು ಗೊತ್ತಾಗಲೆಂದೇ ವಾಸನೆ ಬೆರೆಸುತ್ತಾರೆ. ‘ಸೋರಿಕೆ’ ಎಂದು ಬರೆದರೆ ಓದಿದವರು ಮನೆಗೆ ಹೋಗಿ ಪೈಪ್ ನೋಡಿಯಾರು. ‘ಸ್ಫೋಟ’ ಎಂದರೆ ಹಣೆಬರಹ ಎಂದು ಸುಮ್ಮನಾಗುತ್ತಾರೆ.

ಬಚ್ಚಲದಲ್ಲಿ ಬಿದ್ದ ಕಾಕಾನ ಮಾನ ಕಾಯಲು ನಮ್ಮದೇನೂ ತಕರಾರಿಲ್ಲ. ಅವರು ಗಾಡಿಯಿಂದಲೇ ಬಿದ್ದರೆಂದು ಊರು ನಂಬಲಿ. ಆದರೆ ಸಾವಿನ ಸುದ್ದಿ ಬರೆಯುವಾಗ ನಾವೀಗ ಮೂರು ಕೆಲಸ ಮಾಡುತ್ತೇವೆ: ಕಾರಣ ಹೇಳಿದವರು ಯಾರೆಂದು ಬರೆಯುತ್ತೇವೆ, ‘ಮೇಲ್ನೋಟಕ್ಕೆ’ ಎಂಬ ಪದವನ್ನು ಕತ್ತರಿಸುವುದಿಲ್ಲ, ತವರುಮನೆಗೆ ಒಂದು ಫೋನ್ ಮಾಡುತ್ತೇವೆ. ಇಷ್ಟಕ್ಕೆ ಎರಡು ಸಾಲು ಹೆಚ್ಚಾಗುತ್ತದೆ. ಈಗ ಹಿಡಿಯಬೇಕಾದ ಬಸ್ಸೂ ಇಲ್ಲ.